ಸೀಸ ತುಂಬಿದ ನಾಲ್ಕು ರಂಧ್ರಗಳು

ನೂಲಿನ ಗಿರಣಿ ಮುಚ್ಚಿ ಇಪ್ಪತ್ತೆಂಟು ವರ್ಷಗಳಾದ ಮೇಲೆ ಅದರ ಬಾಗಿಲು ಮತ್ತೆ ತೆರೆಯಿತು. ತೆರೆದದ್ದು ದುಡಿಯುವವರಿಗಲ್ಲ, ನೋಡುವವರಿಗೆ. ಹತ್ತಿಯ ಮೂಟೆ ಇಳಿಯುತ್ತಿದ್ದ ಅಂಗಳದಲ್ಲಿ ಕಾಫಿಯಂಗಡಿ ಬಂತು. ಹಾಜರಿ ಹಾಕುತ್ತಿದ್ದ ಕಿಟಕಿಯ ಹಿಂದೆ ಟಿಕೇಟು ಕೊಡುವವರು ಕೂತರು. ಹತ್ತಿಯನ್ನು ಬಾಚಿ ಎಳೆ ತೆಗೆಯುವ ಕಾರ್ಡಿಂಗ್ ವಿಭಾಗದಲ್ಲಿ ಒಂದು ಕಾಲಕ್ಕೆ ನಲವತ್ತೆರಡು ಯಂತ್ರಗಳಿದ್ದವು. ನಲವತ್ತೊಂದನ್ನು ಗುಜರಿಗೆ ತೂಕ ಹಾಕಿ ಕೊಟ್ಟವರೇ, ಉಳಿದ ಒಂದಕ್ಕೆ ಹಸಿರು ಬಣ್ಣ ಬಳಿದು, ಸುತ್ತ ಹಗ್ಗ ಕಟ್ಟಿ, 'ನಮ್ಮ ಪರಂಪರೆ' ಎಂದು ಬೋರ್ಡು ಹಾಕಿದರು. ಪಕ್ಕದಲ್ಲಿದ್ದ ಪೆಟ್ಟಿಗೆಯ ಗುಂಡಿ ಒತ್ತಿದರೆ ನಲವತ್ತು ಸೆಕೆಂಡು ಗಿರಣಿಯ ಸದ್ದು ಕೇಳುತ್ತಿತ್ತು. ಅದು ಮಗ್ಗದ ಸದ್ದು. ಈ ಗಿರಣಿಯಲ್ಲಿ ಮಗ್ಗವೆಂಬುದು ಒಂದೂ ಇರಲಿಲ್ಲ.

ಈ ತಪ್ಪನ್ನು ಮೊದಲು ಗುರುತಿಸಿದವನು ಫಿಟ್ಟರ್. ಹದಿನೆಂಟನೆಯ ವಯಸ್ಸಿಗೆ ಸಹಾಯಕನಾಗಿ ಸೇರಿ, ಇಪ್ಪತ್ಮೂರಕ್ಕೆ ಫಿಟ್ಟರ್ ಆಗಿ, ಗಿರಣಿಗೆ ಬೀಗ ಬಿದ್ದ ದಿನದವರೆಗೂ ಅದೇ ವಿಭಾಗದಲ್ಲಿದ್ದವನು. ಆಮೇಲೆ ಹದಿನಾರು ವರ್ಷ ಅಪಾರ್ಟ್‌ಮೆಂಟೊಂದರಲ್ಲಿ ನೀರಿನ ಪಂಪು, ಲಿಫ್ಟು ರಿಪೇರಿ ಮಾಡಿದರೂ, ಯಾವ ಅರ್ಜಿಯಲ್ಲಿ 'ವೃತ್ತಿ' ಎಂಬ ಸಾಲು ಕಂಡರೂ 'ಫಿಟ್ಟರ್, ಕಾರ್ಡಿಂಗ್ ವಿಭಾಗ' ಎಂದೇ ಬರೆಯುತ್ತಿದ್ದ. ವಿಭಾಗವೇ ಇಲ್ಲವಲ್ಲ ಎಂದು ಗುಮಾಸ್ತರು ಕೇಳಿದರೆ, "ವಿಭಾಗ ಇಲ್ದೆ ಇರ್ಬಹುದು, ನಾನು ಇದೀನಲ್ಲ" ಎನ್ನುತ್ತಿದ್ದ. ಗಿರಣಿಯಲ್ಲಿ ಅವನ ಅಡ್ಡಹೆಸರು ಗೇಜು. ಎರಡು ರೋಲರುಗಳ ನಡುವಣ ಸಂದನ್ನು ಅಳೆಯುವ ತೆಳು ಉಕ್ಕಿನ ಪಟ್ಟಿಗೆ ಆ ಹೆಸರು. ಅದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಬಾಗಿಲು ಚೌಕಟ್ಟಿಗೆ ಉಜ್ಜಿದರೆ ಎಷ್ಟು ನೂಲು, ಅಂದರೆ ಅಂಗುಲದ ಎಷ್ಟು ಎಂಟನೇ ಪಾಲು, ಉಜ್ಜುತ್ತಿದೆಯೆಂದು ಅಳೆದೇ ಮುಂದಿನ ಮಾತು. ಹೆಂಡತಿ ತೀರಿಕೊಂಡ ಮೇಲೆ ಒಂಬತ್ತು ವರ್ಷಗಳಿಂದ ಅವನ ಮಧ್ಯಾಹ್ನದ ಊಟ ಎರಡು ಬೀದಿ ಆಚೆ, ಅಕ್ಕನ ಮನೆಯಲ್ಲಿ.

ಹಳೆಯ ಕಾರ್ಮಿಕರಿಗೂ ಅವರ ಮನೆಯವರಿಗೂ ತಿಂಗಳ ಮೊದಲ ಸೋಮವಾರ ಪ್ರವೇಶ ಉಚಿತವೆಂದು ಪ್ರಕಟವಾಯಿತು. ಆ ಸೋಮವಾರವೇ ಅವನು ಅಕ್ಕನನ್ನು ಕರೆದುಕೊಂಡು ಹೋದ. ಬಾಗಿಲಲ್ಲಿ ಗರಿಗರಿಯಾದ ನೀಲಿ ಸಮವಸ್ತ್ರ ತೊಟ್ಟು, ಬಾಬಿನ್ ಎಂಬ ಅಡ್ಡಹೆಸರಿನ ಹಳೆಯ ಗೆಳೆಯ ನಿಂತಿದ್ದ. ನೂಲು ತುಂಬಿದ ಬಾಬಿನ್ನುಗಳನ್ನು ಬದಲಾಯಿಸುವ ಕೆಲಸದಲ್ಲಿ ಇಪ್ಪತ್ತಾರು ವರ್ಷ ಸವೆಸಿದವನು. ಮೈಕಟ್ಟೂ ಹಾಗೆಯೇ, ನಡುವೆ ದಪ್ಪ.

"ಏನೋ ಇದು ವೇಷ?" ಎಂದ ಫಿಟ್ಟರ್.

"ಕಾರ್ಮಿಕನ ಪಾತ್ರ ಕಣೋ. ನಿಜವಾದ ಕಾರ್ಮಿಕ ಆಗಿದ್ದಾಗ ಒಬ್ಬನೂ ಫೋಟೋ ತೆಗೀಲಿಲ್ಲ. ಈಗ ವೇಷ ಹಾಕಿದ್ದಕ್ಕೆ ದಿನಾ ಐವತ್ತು ಜನ ಪಕ್ಕದಲ್ಲಿ ನಿಂತ್ಕೋತಾರೆ."

"ಗಿರಣೀಲಿ ಇಸ್ತ್ರಿ ಮಾಡಿದ ಅಂಗಿ ಯಾರ್ ಹಾಕ್ತಿದ್ರು?"

"ಮ್ಯಾನೇಜರು. ಅದಕ್ಕೇ ಕನ್ನಡಿ ನೋಡ್ಕೊಂಡ್ರೆ ನಂಗೇ ನನ್ ಮೇಲೆ ಸಿಟ್ಟು ಬರತ್ತೆ. ಅಕ್ಕಾ, ಬನ್ನಿ ಬನ್ನಿ, ನಿಮ್ಗೆಲ್ಲಿ ಟಿಕೇಟು!"

ಯಂತ್ರದ ಮುಂದೆ ಅಕ್ಕ ನಿಂತುಬಿಟ್ಟಳು. ಉಳಿಸಿಕೊಂಡಿದ್ದ ಆ ಒಂದು ಯಂತ್ರ ಅವಳ ಗಂಡ ದುಡಿಯುತ್ತಿದ್ದದ್ದೇ. ಕನ್ನಡಕ ಮನೆಯಲ್ಲಿ ಉಳಿದಿತ್ತು. ಬೋರ್ಡಿನ ಕಡೆ ಕೈ ತೋರಿಸಿ, "ಏನ್ ಬರ್ದಿದಾರೆ, ಓದೋ" ಎಂದಳು.

ಅವನು ಆಗಲೇ ಓದಿಯಾಗಿತ್ತು.

"ಅವರ ಹೆಸರಿದೆಯಾ?"

"ಇದೆ. ಇನಿಶಿಯಲ್ ಸಮೇತ."

"ತಪ್ಪಿಲ್ದೆ?"

"ತಪ್ಪಿಲ್ಲ."

ಅಕ್ಕ ಕೈ ಚಾಚಿ ಬೋರ್ಡಿನ ಗಾಜನ್ನು ಅಂದಾಜಿನ ಮೇಲೆ ಒಮ್ಮೆ ಮುಟ್ಟಿದಳು. ಗಂಡನ ಹೆಸರು ಎಲ್ಲಾದರೂ ಅಚ್ಚಾಗಿದೆಯೆಂದು ಅವಳಿಗೆ ಗೊತ್ತಾದದ್ದು ಅದೇ ಮೊದಲು. "ಮುಂದೆ?"

"ಈ ಯಂತ್ರದಲ್ಲಿ ಕೆಲಸ ಮಾಡ್ತಾ ತೀರಿಕೊಂಡ್ರು ಅಂತಿದೆ."

"ಅಷ್ಟುದ್ದ ಬರ್ದಿದಾರೆ, ನೀನು ಗೇಣುದ್ದ ಓದ್ತೀಯಲ್ಲ? ಲೋ, ಆ ಮಾತು ನಂಗೇನ್ ಹೊಸದಾ? ಪೂರ್ತಿ ಓದು."

ಅವನು ಓದಿದ. "೧೯೮೧ರ ಮಾರ್ಚ್ ೨೪ರ ಸಂಜೆ ಈ ಯಂತ್ರದ ಕಾರ್ಮಿಕರು ಸುರಕ್ಷತಾ ಮುಚ್ಚಳವನ್ನು ತಾವೇ ತೆರೆದು ಕೈ ಹಾಕಿ, ಸ್ವಂತ ಅಜಾಗ್ರತೆಯಿಂದ ಮೃತಪಟ್ಟರು. ನಿಯಮಪಾಲನೆಯ ಮಹತ್ವಕ್ಕೆ ಇದೊಂದು ಪಾಠ."

"ಮನೆಯಿಂದ ಹೊರಡೋ ಮುಂಚೆ ಒಲೆ ಆರಿದೆಯಾ ಅಂತ ಎರಡೆರಡು ಸಲ ನೋಡೋರು," ಎಂದಳು ಅಕ್ಕ. "ಅಜಾಗ್ರತೆಯಂತೆ! ಪಾಠವಂತೆ!" ತಿರುಗಿ ಬಾಗಿಲ ಕಡೆ ನಡೆದಳು.

ನಡೆದದ್ದೇನೆಂದು ಬದುಕಿರುವವರಲ್ಲಿ ಬಲ್ಲವನು ಫಿಟ್ಟರ್ ಒಬ್ಬನೇ.

ಕಾರ್ಡಿಂಗ್ ಯಂತ್ರದೊಳಗೆ ಮುಳ್ಳುತಂತಿ ಸುತ್ತಿದ ಉರುಳೆಗಳು ತಿರುಗುತ್ತವೆ. ಅವುಗಳ ಬಾಯಿಗೆ ಒಂದು ಕಬ್ಬಿಣದ ಮುಚ್ಚಳ, ಮುಚ್ಚಳಕ್ಕೆ ನಾಲ್ಕು ಬೋಲ್ಟು. ಹತ್ತಿಯ ದೂಳು ಕಟ್ಟಿಕೊಂಡಾಗ ಯಂತ್ರವನ್ನು ಓಡಿಸುವ ಪಟ್ಟೆ ಸರಿಸಿ, ಉರುಳೆ ಪೂರ್ತಿ ನಿಲ್ಲುವವರೆಗೆ ಏಳು ನಿಮಿಷ ಕಾದು, ಮುಚ್ಚಳ ತೆಗೆದು ಶುಚಿ ಮಾಡಿ, ಮತ್ತೆ ಹಾಕಿ ಓಡಿಸಬೇಕು. ಪಾಳಿಯೊಂದಕ್ಕೆ ಹದಿನೆಂಟು ನಿಮಿಷ ನಷ್ಟ. ಮುಚ್ಚಳವೇ ಇಲ್ಲದಿದ್ದರೆ ಓಡುವಾಗಲೇ ಕೋಲಿನಿಂದ ದೂಳು ಕೆದಕಬಹುದೆಂದು ಹೆಡ್ ಮೇಸ್ತ್ರಿ ಲೆಕ್ಕ ಹಾಕಿದ. ಪರೀಕ್ಷೆಗೆಂದು ಹದಿನಾಲ್ಕನೇ ಯಂತ್ರವನ್ನು ಆರಿಸಿದ. ಅದು ಭಾವನ ಯಂತ್ರ. ಮಾರ್ಚ್ ೧೩, ಶುಕ್ರವಾರ, ಮುಚ್ಚಳವನ್ನು ಬಿಚ್ಚಿದವನು ಫಿಟ್ಟರ್. ಆಗ ಅವನಿಗೆ ಇಪ್ಪತ್ತೈದು.

ಬಿಚ್ಚಿ ಸುಮ್ಮನಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತೆರೆದ ಬೋಲ್ಟಿನ ರಂಧ್ರದಲ್ಲಿ ಎಣ್ಣೆ ನಿಂತು, ಎಣ್ಣೆಗೆ ದೂಳು ಅಂಟಿ, ಕಿಡಿ ತಗುಲಿದರೆ ಬೆಂಕಿ. ಹೀಗೆ ಅರ್ಧಂಬರ್ಧ ಬಿಟ್ಟುಹೋಗುವ ಜಾಯಮಾನ ಅವನದಲ್ಲ. ಸೀಸ ಕರಗಿಸಿ ನಾಲ್ಕೂ ರಂಧ್ರಗಳಿಗೆ ಹೊಯ್ದು, ಸುತ್ತಿಗೆಯಿಂದ ತಟ್ಟಿ, ಬೆರಳಾಡಿಸಿದರೂ ಗೊತ್ತಾಗದಂತೆ ಮಟ್ಟ ಮಾಡಿದ. ಯಾರ ಕೆಲಸವೋ ಅವರ ಟೋಕನ್ ನಂಬರನ್ನು ಪಕ್ಕದಲ್ಲಿ ಕುಟ್ಟಬೇಕೆಂಬುದು ವರ್ಕ್‌ಶಾಪಿನ ಕಟ್ಟಳೆ. ಕೈ ತಾನಾಗಿಯೇ ಪಂಚುಗಳನ್ನು ಎತ್ತಿಕೊಂಡಿತು: ಆರು, ಒಂದು, ಎರಡು. ಕಳ್ಳ ಕೆಲಸಕ್ಕೆ ಸಹಿ ಹಾಕಿದ ಕಳ್ಳ ಲೋಕದಲ್ಲಿ ಇನ್ನೊಬ್ಬನಿರಲಾರ.

ಹನ್ನೊಂದು ದಿನಗಳ ಮೇಲೆ, ಮಂಗಳವಾರ, ಎರಡನೇ ಪಾಳಿಯಲ್ಲಿ, ಸಂಜೆ ಐದು ನಲವತ್ತಕ್ಕೆ ಉರುಳೆ ಮೊದಲು ಭಾವನ ಕೋಲನ್ನು ಎಳೆಯಿತು, ಆಮೇಲೆ ತೋಳನ್ನು.

ಮರುದಿನ ಬೆಳಿಗ್ಗೆ ಸರ್ಕಾರದ ಇನ್‌ಸ್ಪೆಕ್ಟರ್ ಬರುವವನಿದ್ದ. "ಮುಚ್ಚಳ ಹಾಕು," ಎಂದ ಮೇಸ್ತ್ರಿ. ಹಳೆಯ ರಂಧ್ರಗಳಲ್ಲಿ ಸೀಸ. ಕೊರೆದು ತೆಗೆಯಲು ಹೊತ್ತು ಸಾಲದು. ಫಿಟ್ಟರ್ ಒಂದೂಕಾಲು ಅಂಗುಲ ಮೇಲೆ ಹೊಸದಾಗಿ ನಾಲ್ಕು ರಂಧ್ರ ಕೊರೆದು, ಭಾವನ ರಕ್ತ ಒರೆಸಿದ ಯಂತ್ರಕ್ಕೆ ಮುಚ್ಚಳ ಕೂಡಿಸಿದ. ಆಮೇಲೆ ಮೇಸ್ತ್ರಿ ಒಂದು ಕಾಗದ ಮುಂದಿಟ್ಟ: ಪಾಳಿ ಶುರುವಾದಾಗ ಮುಚ್ಚಳ ಇತ್ತು, ನಾನೇ ನೋಡಿದ್ದೇನೆ ಎಂಬ ಹೇಳಿಕೆ. "ನಿನ್ನಕ್ಕಂಗೆ ಕ್ಯಾಂಟೀನಲ್ಲಿ ಕೆಲಸ ಕೊಡಿಸ್ತೀನಿ. ಕೇಸು ಎಳೆದಾಡಿದ್ರೆ ಅವಳ ಗತಿ ಏನು ಹೇಳು?" ಫಿಟ್ಟರ್ ಪೂರ್ತಿ ಓದದೆಯೇ ಸಹಿ ಹಾಕಿದ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತೆಂದು ಗಾದೆ. ಇಲ್ಲಿ ಒರೆಸಿದ್ದು ಹೆಣದ ಬಾಯಿಗೆ.

ಬೋರ್ಡು ಓದಿದ ಮರುದಿನ ಫಿಟ್ಟರ್ ಇದಿಷ್ಟನ್ನೂ ಹೇಳಲು ವಸ್ತುಸಂಗ್ರಹಾಲಯದ ಮೇಲ್ವಿಚಾರಕಿಯ ಬಳಿಗೆ ಹೋದ. ಅವಳಿಗೆ ಮೂವತ್ತರ ಆಸುಪಾಸು. ಒಳ್ಳೆಯವಳು, ಕುರ್ಚಿ ಕೊಟ್ಟಳು, ನೀರು ತರಿಸಿದಳು, ಕೊನೆಯವರೆಗೂ ಕೇಳಿದಳು. ಕೇಳಿದ ಮೇಲೆ ಬೀರುವಿನಿಂದ ಫೈಲೊಂದನ್ನು ತೆಗೆದು ಒಂದು ಹಾಳೆ ಮುಂದಿಟ್ಟಳು.

"ಇದು ಯಾರ ಸಹಿ ಸರ್?"

"ನಂದೇ."

"ನಮ್ಮ ಬೋರ್ಡಿಗೆ ಆಧಾರ ಇದೇ. ಆಗ ಸುಳ್ಳು ಹೇಳ್ದೆ ಅಂತೀರಿ. ಈಗ ಹೇಳ್ತಿರೋದು ನಿಜ ಅಂತ ಸಮಿತಿಗೆ ನಾನು ಹೇಗೆ ಹೇಳ್ಲಿ? ಬೇಜಾರ್ ಮಾಡ್ಕೋಬೇಡಿ."

"ನೀವು ಕೇಳಿದ್ದು ಸರಿಯಾಗೇ ಇದೆ ಮೇಡಂ. ನನ್ನ ಮಾತು ಬಿಡಿ, ಯಂತ್ರವೇ ಹೇಳತ್ತೆ. ಹತ್ತು ನಿಮಿಷ ಬಣ್ಣ ಕೆರೆಯೋಕೆ ಬಿಡಿ."

"ಅಯ್ಯೋ, ಬಣ್ಣ ಕೆರೆಯೋದಾ? ಸಂರಕ್ಷಿತ ವಸ್ತು ಸರ್ ಅದು!"

ನಲವತ್ತೊಂದು ಯಂತ್ರಗಳನ್ನು ಗ್ಯಾಸ್ ಕಟರಿನಿಂದ ತುಂಡರಿಸುವಾಗ ಯಾರೂ ಆಡದ ಮಾತು ಅದು. ಫಿಟ್ಟರ್ ಸಮಿತಿಯ ಒಪ್ಪಿಗೆಗೆ ಎಂಟು ದಿನ ಕಾದ. ಒಪ್ಪಿಗೆ ಬಂತು, ಒಂದು ಷರತ್ತಿನ ಮೇಲೆ: ಹಳೆಯ ಸಾವಿನ ವಿಷಯವನ್ನು ಕೆದಕಲು ಮೃತರ ಪತ್ನಿಯ ಒಪ್ಪಿಗೆಪತ್ರ ಬೇಕು.

ಅಂದರೆ, ನಲವತ್ತೈದು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಅಕ್ಕನಿಗೆ ಹೇಳಬೇಕು.

ಅಕ್ಕ ಅಡುಗೆಮನೆಯಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವನು ಹೊಸ್ತಿಲ ಈಚೆಯೇ ನಿಂತು ಹೇಳಿದ. ಆಣೆ ಪ್ರಮಾಣವಿಲ್ಲ, ಅಳುವಿಲ್ಲ. ಬಿಚ್ಚಿದ್ದು, ತುಂಬಿದ್ದು, ಕೊರೆದದ್ದು, ಸಹಿ ಹಾಕಿದ್ದು. ಅಕ್ಕನ ಕೈ ನಿಲ್ಲಲಿಲ್ಲ. ಬುಟ್ಟಿಯಲ್ಲಿದ್ದದ್ದು ಮುಗಿದ ಮೇಲೆ ಕೇಳಿದಳು.

"ಯಾವತ್ತು ಬಿಚ್ಚಿದ್ದು?"

"ಮಾರ್ಚ್ ಹದಿಮೂರು. ಶುಕ್ರವಾರ."

"ಆ ಹನ್ನೊಂದು ದಿನದಲ್ಲಿ ಅವರಿಗೊಂದು ಮಾತು ಹೇಳಿದ್ಯಾ, ಹುಷಾರು ಅಂತ?"

"ಹೇಳ್ದೆ. ಭಾವ ನಕ್ಕು, 'ಬಿಚ್ಚಿದೋನೇ ಹುಷಾರು ಅಂತಾನಲ್ಲಪ್ಪಾ' ಅಂದ್ರು."

ಅಕ್ಕನ ತುಟಿ ಒಂದು ಕ್ಷಣ ಅಲುಗಿತು. ಅದು ಗಂಡನ ಮಾತೇ, ಸುಳ್ಳಲ್ಲ ಎಂದು ಗೊತ್ತಾದ ಹಾಗೆ. ಆಮೇಲೆ ಮುಖ ಗಟ್ಟಿಯಾಯಿತು.

"ಹದಿನೇಳು ವರ್ಷ ಆ ಕ್ಯಾಂಟೀನಲ್ಲಿ ತಟ್ಟೆ ತೊಳೆದೆ. ಲೋಟ ಕೈಜಾರಿದಾಗಲೆಲ್ಲ 'ಗಂಡನ ಹಾಗೇ ಇವಳೂ' ಅಂತ ನಗೋರು. ನೀನೂ ಅಲ್ಲೇ ಕೂತು ಉಣ್ತಿದ್ದೆ."

"ನಾನು ನಗ್ತಿರ್ಲಿಲ್ಲ ಅಕ್ಕ."

"ನಗ್ತಿರ್ಲಿಲ್ಲ. ಬಾಯಿನೂ ಬಿಡ್ತಿರ್ಲಿಲ್ಲ."

"ನಿಂಗೊಂದು ಕೆಲಸ ಸಿಗ್ಲಿ ಅಂತಾನೇ ನಾನು..."

"ಸುಮ್ನಿರು! ನನ್ ಹೆಸರು ಎಳೀಬೇಡ. ಕೆಲಸ ಕೊಡ್ಸು ಅಂತ ನಾನು ಕೇಳಿದ್ನಾ? ನಿನ್ ಹೆದರಿಕೆಗೆ ನನ್ ಹೊಟ್ಟೆ ಅಡ್ಡ ಇಟ್ಕೊಂಡೆ, ಅಷ್ಟೇ." ಸೆರಗಿಗೆ ಕೈ ಒರೆಸಿಕೊಂಡಳು. "ಎಲ್ಲಿ ಸಹಿ ಹಾಕ್ಬೇಕು?"

ಕನ್ನಡಕ ಹಾಕಿಕೊಂಡು, ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ, ಹೆಸರನ್ನು ಪೂರ್ತಿಯಾಗಿ ಬರೆದಳು. ತಮ್ಮನ ಹಾಗೆ ಓದದೆ ಸಹಿ ಹಾಕುವವಳಲ್ಲ. "ಬೋರ್ಡು ತಿದ್ದಿಸ್ಕೊಂಡು ಬಾ. ಅಲ್ಲೀವರ್ಗೂ ಈ ಮನೇಲಿ ನಿಂಗೆ ಊಟ ಇಲ್ಲ," ಎಂದಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಫಿಟ್ಟರ್ ತನ್ನ ಹಳೆಯ ಚೀಲ ತಂದ. ಬಾಬಿನ್ ಟಾರ್ಚು ಹಿಡಿದ. ಮೇಲ್ವಿಚಾರಕಿ ಕ್ಯಾಮೆರಾ ಹಿಡಿದಳು. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಹಸಿರು ಬಣ್ಣವನ್ನು ನೆನೆಸಿ, ಹಿಡಿಯಗಲದಷ್ಟನ್ನು ಕೆರೆದಾಗ ಕಪ್ಪು ಕಬ್ಬಿಣದ ಮೇಲೆ ಬೂದುಬಣ್ಣದ ದುಂಡನೆಯ ಚುಕ್ಕೆ ಕಾಣಿಸಿಕೊಂಡಿತು. ಒಂದಾದ ಮೇಲೊಂದು ನಾಲ್ಕು. ಕೊನೆಯದರ ಪಕ್ಕದಲ್ಲಿ ೬೧೨.

"ಇದು ಸೀಸ," ಎಂದು ಉಗುರಿನಿಂದ ಗೀರಿ ತೋರಿಸಿದ. "ಕಾರ್ಖಾನೆಯಿಂದ ಬಂದಾಗ ಬೋಲ್ಟು ಇದ್ದದ್ದು ಇಲ್ಲಿ. ಸೀಸ ತುಂಬಿದ ತೂತಲ್ಲಿ ಬೋಲ್ಟು ನಿಲ್ಲಲ್ಲ. ಈಗ ಮುಚ್ಚಳ ಕೂತಿರೋ ತೂತು ನೋಡಿ, ಕೈಯಲ್ಲಿ ಕೊರೆದಿದ್ದು. ಎಡಗಡೆಯಿಂದ ಎರಡನೇದು ಎರಡು ನೂಲು ವಾರೆ ಇದೆ. ನನ್ನ ಕೈ ಜನ್ಮದಲ್ಲಿ ವಾರೆ ಹೋಗಿದ್ದು ಅವತ್ತೊಂದೇ ದಿನ."

"ಯಾಕೆ ಸರ್?"

"ನಡುಗ್ತಿತ್ತು."

ಮೇಲ್ವಿಚಾರಕಿಯ ಕಣ್ಣು ಅರಳಿತ್ತು. "ಇದು ನಿಮ್ಮ ನಂಬರಾ? ಎಷ್ಟು ಚಂದ ಇದೆ! ತಾನು ಮಾಡಿದ ಕೆಲಸದ ಮೇಲೆ ಎಂಥ ಹೆಮ್ಮೆ!"

"ಅದನ್ನ ಹೆಮ್ಮೆ ಅನ್ಬೇಡಿ ಮೇಡಂ. ತಪ್ಪೊಪ್ಪಿಗೆ ಅಂತ ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಮೂವತ್ತೊಂದು ಫೋಟೋ ತೆಗೆದಳು, ಫಿಟ್ಟರ್ ಎಣಿಸಿದ್ದ.

ಇಪ್ಪತ್ಮೂರು ದಿನಗಳ ಮೇಲೆ ಪತ್ರ ಬಂತು: 'ತಾವು ಸೂಚಿಸಿದ ವಿವಾದಾಸ್ಪದ ಅಂಶವನ್ನು ಫಲಕದಿಂದ ಕೈಬಿಡಲಾಗಿದೆ. ತಮ್ಮ ಸಹಕಾರಕ್ಕೆ ಕೃತಜ್ಞತೆಗಳು.' ಕೈಬಿಡುವುದು ಬೇರೆ, ತಿದ್ದುವುದು ಬೇರೆ ಎಂದು ಅವನಿಗೆ ಅನ್ನಿಸಿದ್ದರೂ, ಅಕ್ಕನಿಗೆ ಹೇಳುವ ಮುಂಚೆ ಕಣ್ಣಾರೆ ನೋಡಿಬರಬೇಕೆಂದು ಹೊರಟ. ಅಂದು ಉಚಿತದ ದಿನವಲ್ಲ. ಟಿಕೇಟು ಕೊಂಡೇ ಒಳಗೆ ಹೋದ.

ಬಾಬಿನ್ ಬಾಗಿಲಲ್ಲೇ ಹಿಡಿದುಕೊಂಡ. "ಲೋ ಗೇಜು, ನಿನ್ ನಂಬರಿಗೆ ಲೈಟ್ ಹಾಕಿದಾರೆ ಕಣೋ."

ಹೌದು, ಹಾಕಿದ್ದರು. ಕೆರೆದ ಜಾಗದ ಮೇಲೆ ಗಾಜು, ಗಾಜಿನ ಮೇಲೆ ಪುಟ್ಟ ದೀಪ, ಕೆಳಗೆ ಹೊಸ ಬೋರ್ಡು: 'ಕುಶಲಕರ್ಮಿಯ ಮುದ್ರೆ. ತಾನು ಮಾಡಿದ ಪ್ರತಿಯೊಂದು ಕೆಲಸಕ್ಕೂ ಹೆಮ್ಮೆಯಿಂದ ಗುರುತು ಹಾಕುತ್ತಿದ್ದ ಶ್ರಮಿಕನ ನೆನಪು ಇಲ್ಲಿ ಜೀವಂತವಾಗಿದೆ.' ಹಳೆಯ ಬೋರ್ಡಿನ ಜಾಗದಲ್ಲಿ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಮಾರ್ಚ್ ೨೪ ಎಲ್ಲೂ ಇರಲಿಲ್ಲ. ಭಾವ ಎಲ್ಲೂ ಇರಲಿಲ್ಲ.

ಅವನು ಮೇಲ್ವಿಚಾರಕಿಯ ಕೋಣೆಗೆ ಹೋದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಜಾಗ್ರತೆ ಅನ್ನೋ ಮಾತು ತೆಗೀಬೇಕು ಅಂದ್ರಿ, ತೆಗೆದಿದೀವಲ್ಲ ಸರ್," ಎಂದಳು ಅವಳು, ಮೇಜಿನ ಕಡೆ ನೋಡುತ್ತ.

"ಮಾತು ತೆಗೀರಿ ಅಂದೆ. ಮನುಷ್ಯನ್ನ ತೆಗೀರಿ ಅನ್ಲಿಲ್ಲ."

"ನಾನು ಬೇರೆ ಥರ ಬರ್ದುಕೊಟ್ಟಿದ್ದೆ ಸರ್, ನಂಬಿ. ಮಾಲೀಕರ ಮೊಮ್ಮಗ ಸಮಿತೀಲಿದಾರೆ. ಈ ಛಾವಣಿ ರಿಪೇರಿ ಮಾಡ್ಸಿದ್ದು ಅವರೇ. ಇದು ಖುಷಿಯಿಂದ ನೋಡೋ ಜಾಗ, ಇಲ್ಲಿ ಸಾವು-ನೋವು ಯಾಕೆ ಅಂದ್ರು."

"ಹಾಗಾದ್ರೆ ನನ್ನ ನಂಬರೂ ತೆಗೀರಿ."

"ಅದನ್ನ ಜನ ತುಂಬ ಇಷ್ಟಪಡ್ತಿದಾರೆ," ಎಂದಳು ಅವಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಸತ್ಯ ಹೇಳಿದವನಿಗೆ ದೀಪ, ಸತ್ತವನಿಗೆ ಸುಣ್ಣ. ಅಡ್ಡಗೋಡೆಯ ಮೇಲೆ ದೀಪವಿಟ್ಟರೆ ಎರಡು ಕಡೆಗೂ ಒಂದಿಷ್ಟು ಬೆಳಕು ಬಿದ್ದೀತು. ಈ ದೀಪ ಬೆಳಗುತ್ತಿದ್ದದ್ದು ಅಂಗೈಯಗಲದ ಕಬ್ಬಿಣವನ್ನು ಮಾತ್ರ.

ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ನಡೆದ. ಬಾಗಿಲು ತೆರೆದಿತ್ತು, ಅವನು ಒಳಗೆ ಕಾಲಿಡಲಿಲ್ಲ.

"ತಿದ್ದಿದ್ರಾ?"

ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಗಾಜು, ದೀಪ, ಸುಣ್ಣ ಎಲ್ಲವನ್ನೂ.

"ಹೆಸರು?"

"ಇಲ್ಲ."

ಅಕ್ಕ ಗೋಡೆಗೆ ಕೈ ಆನಿಸಿಕೊಂಡಳು. "ಕೆಟ್ಟ ಹೆಸರಾದ್ರೂ ಹೆಸರು ಅಂತ ಒಂದಿತ್ತಲ್ಲೋ. ನಾನು ಮುಟ್ಟಿ ಬಂದಿದ್ದೆ. ಅದನ್ನೂ ಒರೆಸಿ ಬಂದ್ಯಲ್ಲೋ." ಆಮೇಲೆ, "ನಿಂಗೆ ದೀಪ ಹಾಕಿದಾರೆ," ಎಂದಳು. ಆ ಮಾತಿನಲ್ಲಿ ಕೋಪವೂ ಇರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ತಾಳಿಕೊಳ್ಳಲು ಸುಲಭವಿತ್ತು.

ಅವನು ಹೋಗಲು ತಿರುಗಿದಾಗ ಹಿಂದಿನಿಂದ ಕೂಗಿದಳು. "ಮೊದಲ ಸೋಮವಾರ ಎಷ್ಟನೇ ತಾರೀಖು?"

"ಆರು."

"ಹತ್ತು ಗಂಟೆಗೆ ಗೇಟ್ ಹತ್ರ ಇರು."

ಆರನೇ ತಾರೀಖು ಹತ್ತು ಗಂಟೆಗೆ ಐದು ನಿಮಿಷ ಮೊದಲೇ ಅವನಿದ್ದ. ಅಕ್ಕ ಒಗೆದ ಸೀರೆಯುಟ್ಟು ಬಂದಳು. ಬಾಬಿನ್ ಇಬ್ಬರ ಮುಖ ನೋಡಿ, ಮೊದಲ ಬಾರಿಗೆ, ಯಾವ ತಮಾಷೆಯನ್ನೂ ಮಾಡದೆ ದಾರಿ ಬಿಟ್ಟ. ಅಕ್ಕ ನೇರ ಯಂತ್ರದ ಬಳಿಗೆ ಹೋಗಿ, ಹಗ್ಗದ ಈಚೆ ನಿಂತು, ತಮ್ಮನನ್ನು ತೋಳು ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಗಾಜಿನೊಳಗಿನ ನಂಬರಿನ ಫೋಟೋ ತೆಗೆಯಲು ಬಂದ ಮೊದಲ ದಂಪತಿಗೆ, "ಒಂದ್ನಿಮಿಷ ನಿಲ್ಲಿ. ನಮ್ಮನೆಯೋರು ಸತ್ತಿದ್ದು ಇಲ್ಲೇ," ಎಂದಳು. ಗಂಡನ ಹೆಸರನ್ನು ಇನಿಶಿಯಲ್ ಸಮೇತ ಹೇಳಿದಳು. ತಮ್ಮನ ಕಡೆ ತಿರುಗಿ, "ಹೇಳು," ಎಂದಳು.

ಅವನು ಹೇಳಿದ. ಮೊದಲ ಸಲ ಕೇಳುತ್ತಿದ್ದ ಹೆಂಗಸು ಗಂಡನ ಕೈ ಜಗ್ಗಿ ಮುಂದೆ ಹೋದಳು. ಎರಡನೇ ಸಲ ಇಬ್ಬರು ಕೊನೆಯವರೆಗೂ ನಿಂತರು. ಹನ್ನೊಂದೂವರೆಯ ಹೊತ್ತಿಗೆ ಐದು ಸಲವಾಗಿತ್ತು. ಅವನು ಒಮ್ಮೆ ಮೇಸ್ತ್ರಿ ಹೆದರಿಸಿದ ಕಥೆಯಿಂದ ಶುರು ಮಾಡಲು ನೋಡಿದಾಗ ಅಕ್ಕ ಮೊಣಕೈಯಿಂದ ತಿವಿದಳು. "ಅದು ಆಮೇಲೆ. ಮೊದಲು ನೀನು ಮಾಡಿದ್ದು."

ಮೇಲ್ವಿಚಾರಕಿ ದೂರದಲ್ಲಿ ಬಂದು ನಿಂತಳು. ಇಲ್ಲಿ ನಿಂತು ವಿವರಣೆ ಕೊಡಲು ಅನುಮತಿ ಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು; ಆದರೂ ತಡೆಯದೆ ಕೋಣೆಗೆ ಹಿಂದಿರುಗಿದಳು. ಮುಂದಿನ ತಿಂಗಳು ಸಮಿತಿ ತಡೆಯಬಹುದು, ತಡೆಯದಿರಬಹುದು. ಅಕ್ಕ ಊಟಕ್ಕೆ ಬಾ ಎನ್ನಲಿಲ್ಲ, ಆ ದಿನವೂ, ಆಮೇಲೂ.

ಮಧ್ಯಾಹ್ನದ ಹೊತ್ತಿಗೆ ಕನ್ನಡಕ ಹಾಕಿದ ಯುವತಿಯೊಬ್ಬಳು, ಕೈಯಲ್ಲಿ ನೋಟುಪುಸ್ತಕ ಹಿಡಿದು, ಫಿಟ್ಟರನ ಮುಂದೆ ನಿಂತಳು.

"ನೀವು ಇಲ್ಲಿನ ಗೈಡಾ ಸರ್?"

"ಗೈಡಲ್ಲಮ್ಮ," ಎಂದಳು ಅಕ್ಕ, ಅವನಿಗಿಂತ ಮೊದಲು. "ಮುಚ್ಚಳ ಬಿಚ್ಚಿದೋನು. ಬರ್ಕೋ. ಲೋ, ತಾರೀಖಿನಿಂದ ಶುರು ಮಾಡು."

ಅವನು ಮಾರ್ಚ್ ಹದಿಮೂರು, ಶುಕ್ರವಾರ ಎಂದು ಶುರು ಮಾಡಿದ.